ಇದ್ದ ಹಾಗೇ ಬಿಟ್ಟ ಗೇಟು

ಎಡಗಡೆ ಬಾಗಿಲ ಪಕ್ಕ ಕೂತವರೇ ಇಳಿದು ಗೇಟು ತೆಗೆಯಬೇಕು. ಆ ಸೀಮೆಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಹಾಲುಹಲ್ಲು ಬೀಳುವ ಹೊತ್ತಿಗೆ ಮಕ್ಕಳಿಗೆ ತಾನಾಗಿಯೇ ಗೊತ್ತಾಗಿರುತ್ತದೆ. ನೋಲೀನ್ ಪ್ರೌಸ್ ತನ್ನ ಅರವತ್ತೆಂಟು ವರ್ಷದಲ್ಲಿ ಎಷ್ಟು ಗೇಟು ತೆಗೆದು ಮುಚ್ಚಿದ್ದಳೋ ದೇವರೇ ಬಲ್ಲ. ಮೊದಲು ಅಪ್ಪನ ಲಾರಿಯಲ್ಲಿ ಎಡಗಡೆ, ಆಮೇಲೆ ಗಂಡನ ಗಾಡಿಯಲ್ಲಿ ಎಡಗಡೆ. ಗಂಡ ಹೋದ ಮೇಲೆ ಬಲಗಡೆಗೆ ಸರಿದು ಸ್ಟೀರಿಂಗ್ ಹಿಡಿದಳು. ಈಗ ಅವಳ ಎಡಗಡೆ ಮೊಮ್ಮಗಳು ಟಾಲಿಯಾ ಕೂತಿದ್ದಳು. ಹತ್ತೊಂಬತ್ತು ವರ್ಷ, ಅಡಿಲೇಡಿನಲ್ಲಿ ನರ್ಸಿಂಗ್ ಓದು, ಕಾಲಿಗೆ ಬೆಳ್ಳನೆಯ ಬಟ್ಟೆ ಬೂಟು. ಕೆಂಪು ಮಣ್ಣಿನ ನಾಡಿಗೆ ಬಿಳಿ ಬೂಟು ಹಾಕಿಕೊಂಡು ಬರುವವಳಿಗೆ ಬುದ್ಧಿ ಹೇಳಿ ಉಪಯೋಗವಿಲ್ಲ ಎಂದು ಅಜ್ಜಿ ಸುಮ್ಮನಿದ್ದಳು.

ಒಂದು ಮೈಲಿ ಮುಂದೆ ಇನ್ನೊಂದು ಗಾಡಿ ಹೋಗುತ್ತಿತ್ತು. ಗಾಡಿ ಕಾಣುತ್ತಿರಲಿಲ್ಲ, ಅದು ಎಬ್ಬಿಸಿದ ಧೂಳು ಮಾತ್ರ ಕಾಣುತ್ತಿತ್ತು. ಅದರಲ್ಲಿ ನೋಲೀನಳ ಅಣ್ಣ ಡೆಸ್, ಅವನ ಹೆಂಡತಿ ಗ್ಲೆನಿಸ್. ಧೂಳು ಕುಡಿಯಬಾರದೆಂದು ಹಿಂದಿನವರು ದೂರ ಉಳಿಯುವುದು ಎಲ್ಲರ ವಾಡಿಕೆ. ಈ ಅಣ್ಣತಂಗಿಗೆ ಧೂಳು ಒಳ್ಳೆಯ ನೆಪವೂ ಆಗಿತ್ತು.

ಇಬ್ಬರೂ ಹುಟ್ಟಿ ಬೆಳೆದದ್ದು ಕುರಾವಿಲ್ಲ ಎಂಬ ಕುರಿ ಸ್ಟೇಷನ್ನಿನಲ್ಲಿ, ಅಂದರೆ ಕುರಿ ಮೇಯಿಸುವ ಭಾರೀ ಜಮೀನಿನಲ್ಲಿ. ಈ ತುದಿಯ ಬೇಲಿಯಿಂದ ಆ ತುದಿಯ ಬೇಲಿಗೆ ಗಾಡಿಯಲ್ಲಿ ಅರ್ಧ ದಿನದ ದಾರಿ. ಅಪ್ಪ ಕ್ಲ್ಯಾರಿ ಅಲ್ಲಿ ಬೇಲಿ ಮತ್ತು ನೀರೆತ್ತುವ ಗಾಳಿಯಂತ್ರಗಳನ್ನು ನೋಡಿಕೊಳ್ಳುವ ಆಳು. ಮಕ್ಕಳ ಪಾಠವೆಲ್ಲ ರೇಡಿಯೊದಲ್ಲಿ. ಟೀಚರ್ ಮುಖ ನೋಡುತ್ತಿದ್ದದ್ದು ವರ್ಷಕ್ಕೊಂದು ಸಲ. ಒಬ್ಬರು ಮಾತು ಮುಗಿಸಿ ಮೈಕಿನ ಗುಂಡಿ ಬಿಟ್ಟ ಮೇಲೆಯೇ ಇನ್ನೊಬ್ಬರು ಬಾಯಿ ತೆಗೆಯಬೇಕೆಂಬ ಶಿಸ್ತನ್ನು ನೋಲೀನ್ ಅಲ್ಲಿ ಕಲಿತಳು. ಆ ಪಾಠಶಾಲೆ ಬಿಟ್ಟ ಮೇಲೆ ಮತ್ತೆಲ್ಲೂ ಅದನ್ನು ಪಾಲಿಸಲಿಲ್ಲ.

ಹದಿನೇಳಕ್ಕೆ ಉಣ್ಣೆ ಕತ್ತರಿಸುವವರ ತಂಡಕ್ಕೆ ಅಡಿಗೆಯವಳಾಗಿ ಹೊರಟವಳು ಮೂವತ್ತೊಂದು ವರ್ಷ ಅದೇ ಕೆಲಸ ಮಾಡಿದಳು. ಮೂವತ್ತು ಗಂಡಸರು, ದಿನಕ್ಕೆ ಐದು ಹೊತ್ತು, ಕಾದ ಕಬ್ಬಿಣದ ಒಲೆ. ಒಮ್ಮೆ ಯಾವನೋ ಕುರಿಮಾಂಸ ಚರ್ಮದ ಹಾಗಿದೆ ಎಂದನಂತೆ. ಅವಳು ತನ್ನ ಏಪ್ರನ್ ಬಿಚ್ಚಿ ಅವನ ಕೊರಳಿಗೆ ಕಟ್ಟಿ, “ನಾಳೆಯಿಂದ ನೀನೇ ಬೇಯಿಸು ರಾಜ” ಎಂದು ಹೊರಗೆ ಕುರ್ಚಿ ಹಾಕಿಕೊಂಡು ಕೂತಳು. ಮಾರನೆಯ ದಿನ ಎರಡನೇ ಹೊತ್ತಿಗೆ ಇಡೀ ತಂಡ ಹ್ಯಾಟು ತೆಗೆದು ಅವಳ ಮುಂದೆ ನಿಂತಿತ್ತು. ಇಷ್ಟು ಬಾಯಿ ಇದ್ದವಳು ಒಡಹುಟ್ಟಿದ ಅಣ್ಣನ ಜೊತೆ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದಳು.

ಕಾರಣ ಅಮ್ಮನ ಸಾವು. ಅಮ್ಮ ಐವಿ ಎಂಬತ್ತೆಂಟನೇ ವಯಸ್ಸಿನಲ್ಲಿ ಕುರಾವಿಲ್ಲದ ತನ್ನ ತಗಡಿನ ಮನೆಯಲ್ಲೇ ಹಾಸಿಗೆ ಹಿಡಿದಳು. ವಿಮಾನದಲ್ಲಿ ಬಂದ ಡಾಕ್ಟರು ಸಾಗಿಸುವುದು ಬೇಡ ಎಂದು ಹೇಳಿ ಹೋದರು. ನೋಡಿಕೊಳ್ಳುತ್ತಿದ್ದವನು ಡೆಸ್. ಅವನು ಪೋರ್ಟ್ ಆಗಸ್ಟಾದಲ್ಲಿದ್ದ ತಂಗಿಗೆ ಫೋನು ಮಾಡಿದ್ದು ಎರಡು ದಿನ ತಡವಾಗಿ. ಅವಳು ನಾನೂರು ಕಿಲೋಮೀಟರು ಓಡಿಸಿಕೊಂಡು ಬಂದರೆ, ಎಲ್ಲೋ ಮೇಲುಗಡೆ ಮಳೆಯಾಗಿ ಹಳ್ಳ ತುಂಬಿ ಹರಿಯುತ್ತಿತ್ತು. ಈಚೆ ದಡದಲ್ಲಿ ಒಂದು ಹಗಲು, ಒಂದು ರಾತ್ರಿ ಕೂತಿದ್ದು ದಾಟಿ ಹೋಗುವಷ್ಟರಲ್ಲಿ ಅಮ್ಮನ ಮುಖದ ಮೇಲೆ ಬಟ್ಟೆ ಎಳೆದಾಗಿತ್ತು. ಕೈ ಹಿಡಿದುಕೊಂಡೇ ಇದ್ದೆ, ನಿದ್ದೆಯಲ್ಲಿ ಹೋದಳು ಎಂದು ಡೆಸ್ ಎಲ್ಲರಿಗೂ ಹೇಳಿದ. ಕೊನೆಗೆ ಏನಂದಳು ಎಂದು ನೋಲೀನ್ ಕೇಳಿದಾಗ ಮಾತ್ರ, “ಏನೂ ಅನ್ನಲಿಲ್ಲ” ಎಂದು ಎದ್ದು ಹೋಗಿಬಿಟ್ಟ.

ಆ ಎದ್ದು ಹೋದದ್ದನ್ನು ಅವಳು ಮರೆಯಲಿಲ್ಲ. ಅಮ್ಮ ಏನೋ ಹೇಳಿದ್ದಾಳೆ, ಇವನು ಅದನ್ನು ತನಗೊಬ್ಬನಿಗೇ ಇಟ್ಟುಕೊಂಡಿದ್ದಾನೆ ಎಂದು ಅವಳಿಗೆ ಖಾತ್ರಿ. ಹನ್ನೊಂದು ಕ್ರಿಸ್‌ಮಸ್‌ಗೂ ಗ್ಲೆನಿಸ್ ಬರೆದ ಕಾರ್ಡು ಬಂತು, ಕೆಳಗೆ ಡೆಸ್ ಎಂಬ ಹೆಸರೂ ಗ್ಲೆನಿಸಳ ಅಕ್ಷರದಲ್ಲೇ.

ಈ ಪ್ರಯಾಣ ಹೂಡಿದವಳು ಟಾಲಿಯಾ. ಮುತ್ತಜ್ಜಿಯ ಸಮಾಧಿಗೆ ಒಂದು ಹಿತ್ತಾಳೆ ಫಲಕ ಕೂರಿಸೋಣ, ಎಲ್ಲರೂ ಒಟ್ಟಿಗೆ ಹೋಗೋಣ ಎಂದು ಎರಡೂ ಮನೆಗೆ ಫೋನು ಮಾಡಿದಳು. ಇಬ್ಬರೂ ಒಪ್ಪಿದ್ದು, ಇನ್ನೊಬ್ಬರು ಹೇಗೂ ಒಲ್ಲೆ ಎನ್ನುತ್ತಾರೆಂಬ ಧೈರ್ಯದ ಮೇಲೆ. ಹೀಗೆ ಸಿಕ್ಕಿಹಾಕಿಕೊಂಡು ಹೊರಟವರು. ಹೊರಟ ಮೇಲೆ ನೋಲೀನ್ ಒಂದು ನಿಶ್ಚಯ ಮಾಡಿಕೊಂಡಿದ್ದಳು: ಸಮಾಧಿಯ ಮುಂದೆ ನಿಲ್ಲಿಸಿ ಕೇಳುತ್ತೇನೆ. ಅಮ್ಮ ಏನಂದಳು? ಅಲ್ಲೂ ಹೇಳದಿದ್ದರೆ ಇನ್ನು ಸಾಯುವ ತನಕ ಅವನ ಮುಖ ನೋಡುವುದಿಲ್ಲ.

ಕುರಾವಿಲ್ಲಕ್ಕೆ ಈಗ ಬೇರೆ ಒಡೆಯರು. ಮೇಲ್ವಿಚಾರಣೆ ಶೆಲ್ಬಿ ಎಂಬ ಮೂವತ್ತರ ಹುಡುಗಿಯದು. ಹೆದ್ದಾರಿಯ ಪಕ್ಕದ ಮೊದಲ ಗೇಟಿನಲ್ಲಿ ಅವಳೇ ಮೋಟಾರ್‌ಸೈಕಲ್ ನಿಲ್ಲಿಸಿಕೊಂಡು ಕಾದಿದ್ದಳು. ಹಿಂದಿನ ಸೀಟಿನ ಮೇಲೆ ನಾಯಿ.

“ಸಮಾಧಿ ತನಕ ದಾರಿ ಚೆನ್ನಾಗೇ ಇದೆ. ಗಾಡಿಯ ರೇಡಿಯೊ ಹಾಕ್ಕೊಂಡಿರಿ, ಏನಾದ್ರೂ ಆದ್ರೆ ಕೂಗ್ತೀನಿ. ನನ್ನದೊಂದೇ ಬೇಡಿಕೆ, ಮುಂದಿನ ಗೇಟು ಹಾಕ್ಕೊಂಡೇ ಹೋಗಿ. ಈಚೆ ಕಡೆ ಹೆಣ್ಣು ಕುರಿ, ಆಚೆ ಕಡೆ ಟಗರು. ಟಗರು ಬಿಡೋದಕ್ಕೆ ಇನ್ನೂ ಆರು ತಿಂಗಳಿದೆ. ಈ ಆಗಸ್ಟಲ್ಲಿ ಸೇರಿದ್ರೆ ಜನವರಿ ಬಿಸಿಲಿಗೆ ಮರಿ ಬೀಳ್ತಾವೆ. ಒಂದೂ ಉಳಿಯಲ್ಲ.”

“ಕ್ಲ್ಯಾರಿ ಡನ್‌ಸ್ಟನ್ ಮಕ್ಕಳಿಗೆ ಗೇಟಿನ ಪಾಠ ಹೇಳ್ತೀಯೇನಮ್ಮ?” ಎಂದು ನೋಲೀನ್ ಕಿಟಕಿಯಿಂದಲೇ ನಕ್ಕಳು. ಆ ಗೇಟಿನ ಕಂಬವನ್ನು ನೆಟ್ಟವನೇ ಅವಳ ಅಪ್ಪ.

ಗೇಟಿನ ವಿಷಯದಲ್ಲಿ ಆ ನಾಡಿಗೆಲ್ಲ ಒಂದೇ ಕಟ್ಟಳೆ: ಕಂಡ ಹಾಗೇ ಬಿಡು. ಮುಚ್ಚಿದ್ದರೆ ದಾಟಿ ಮುಚ್ಚು, ತೆರೆದಿದ್ದರೆ ಮುಟ್ಟಬೇಡ. ಯಾರೋ ಕುರಿಗಳಿಗೆ ನೀರಿನ ದಾರಿ ಬಿಟ್ಟಿರುತ್ತಾರೆ. ಆದರೆ ಎರಡು ಗಾಡಿ ಒಟ್ಟಿಗೆ ಹೋಗುವಾಗ ಇದೇ ಕಟ್ಟಳೆ ಎಡವಟ್ಟು ಮಾಡುತ್ತದೆ. ಹಿಂದಿನವನು ಹಾಕಲಿ ಎಂದು ಮುಂದಿನವನು ತೆರೆದು ಬಿಟ್ಟರೆ, ಹಿಂದಿನವನು ಕಂಡ ಹಾಗೇ ಬಿಟ್ಟು ಹೋಗುತ್ತಾನೆ. ಅದಕ್ಕೇ ಕ್ಲ್ಯಾರಿ ಮಕ್ಕಳಿಗೆ ಇನ್ನೊಂದು ಹೇಳಿಕೊಟ್ಟಿದ್ದ. ತೆಗೆದವನು ಗೇಟಿನ ಬಳಿಯೇ ನಿಲ್ಲಬೇಕು, ಹಿಂದಿನ ಗಾಡಿ ಬಂದು ದಾಟುವ ತನಕ. ಬಿಸಿಲಿರಲಿ, ನೊಣ ಮುತ್ತಲಿ, ನಿಲ್ಲಬೇಕು.

ಹನ್ನೊಂದು ಗಂಟೆಯ ಹೊತ್ತಿಗೆ ಆ ಗೇಟು ಎದುರಾಯಿತು. ಅದು ಪೂರ್ತಿ ತೆರೆದಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ.

ಟಾಲಿಯಾ ಬಾಗಿಲಿಗೆ ಕೈ ಹಾಕಿದಳು. “ಅಜ್ಜಿ, ನಾವು ದಾಟಿದ ಮೇಲೆ ಇದನ್ನ ಹಾಕ್ಬೇಕಾ?”

ನೋಲೀನ್ ನೆಲ ನೋಡಿದಳು. ಗೇಟಿನ ತುದಿ ಎಳೆದುಕೊಂಡು ಹೋದ ಅರ್ಧಚಂದ್ರದ ಗೀರು ಮಣ್ಣಿನಲ್ಲಿ ಹೊಚ್ಚ ಹೊಸದಾಗಿತ್ತು. ಅದರ ಮೇಲೆ ಡೆಸ್‌ನ ದೊಡ್ಡ ಬೂಟಿನ ಗುರುತುಗಳು. ಹೋದವು, ಬಂದವು, ಮತ್ತೆ ಹೋದವು. ಗ್ಲೆನಿಸಳಿಗೆ ಸೊಂಟದ ಆಪರೇಷನ್ ಆಗಿರುವುದರಿಂದ ಅವನೇ ಇಳಿದಿದ್ದಾನೆ. ದಾಟಿದ ಮೇಲೆ ಮತ್ತೆ ಇಳಿದು, ಗೇಟಿನ ತನಕ ವಾಪಸು ಬಂದು, ಸ್ವಲ್ಪ ನಿಂತು, ನಿಲ್ಲಲಾರದೆ ಹೋಗಿಬಿಟ್ಟಿದ್ದಾನೆ. ಎಲ್ಲವೂ ಅವಳಿಗೆ ಒಂದೇ ನೋಟಕ್ಕೆ ತಿಳಿಯಿತು. ಎರಡು ನಿಮಿಷ ನಿಂತು ನನ್ನ ಮುಖ ನೋಡುವುದಕ್ಕಾಗಲಿಲ್ಲವೇ ನಿನಗೆ?

“ಕಂಡ ಹಾಗೇ ಬಿಡು” ಎಂದಳು.

“ಆದ್ರೆ ಶೆಲ್ಬಿ ಹೇಳಿದ್ದು—”

“ಬಿಡು ಅಂದೆನಲ್ಲ.”

ಗಾಡಿ ದಾಟಿತು. ಕನ್ನಡಿಯಲ್ಲಿ ಗೇಟು ಸಣ್ಣದಾಗುತ್ತ ಹೋಯಿತು. ಅವಳು ಒಮ್ಮೆ ಕನ್ನಡಿ ನೋಡಿದಳು, ಮತ್ತೆ ನೋಡಲಿಲ್ಲ.

ಹದಿನೆಂಟು ಕಿಲೋಮೀಟರು ಕಳೆದ ಮೇಲೆ ರೇಡಿಯೊ ಗೊರಗುಟ್ಟಿತು. ಶೆಲ್ಬಿಯ ದನಿ, ಸಿಟ್ಟನ್ನು ಹಲ್ಲಿನ ಹಿಂದೆ ಹಿಡಿದ ದನಿ. ನೀರಿನ ತೊಟ್ಟಿ ನೋಡಲು ಬಂದವಳಿಗೆ ಗೇಟು ಬಾಯಿಬಿಟ್ಟುಕೊಂಡಿದ್ದು ಕಂಡಿತ್ತು. ಟಗರುಗಳೆಲ್ಲ ಹೆಣ್ಣು ಕುರಿಗಳ ಕಡೆ ನುಗ್ಗಿವೆ, ಆಳುಗಳು ಇನ್ನೊಂದು ತುದಿಯಲ್ಲಿದ್ದಾರೆ, ತಾನೊಬ್ಬಳೇ.

“ಬರ್ತಿದ್ದೀವಿ” ಎಂದಿತು ಡೆಸ್‌ನ ದನಿ. ಆಮೇಲೆ, “ನೋಲಿ, ಗೇಟು ಹಾಕ್ಲಿಲ್ವಾ?”

ಹನ್ನೊಂದು ವರ್ಷದ ಮೇಲೆ ಅವನು ಅವಳಿಗೆ ಆಡಿದ ಮೊದಲ ಮಾತು ಇದು. ಅವಳು ಮೈಕು ಕಿತ್ತುಕೊಂಡಳು.

“ನಾನ್ಯಾಕೋ ಹಾಕ್ಲಿ? ನಾನ್ ಬಂದಾಗ ತೆರೆದಿತ್ತು.”

“ತೆಗೆದಿದ್ದು ನಾನು ಕಣೇ! ಕೊನೇ ಗಾಡಿ ಹಾಕ್ಬೇಕು ಅಂತ ಕತ್ತೆಗೂ ಗೊತ್ತು.”

“ತೆಗೆದವನು ನಿಂತಿರ್ಬೇಕು ಅಂತ ಅಪ್ಪ ಯಾವ ಕತ್ತೆಗೆ ಹೇಳಿದ್ದ ಹಾಗಾದ್ರೆ? ನಿಂತಿದ್ಯಾ? ನಾನೇನು ಕಚ್ತೀನಾ?”

“ನಿನ್ ಬಾಯಿಗೆ ಯಾವನ್ ನಿಲ್ತಾನೆ?”

“ಹೌದು, ನೀನು ಯಾವತ್ತಾದ್ರೂ ನಿಂತು ಮಾತಾಡಿದ್ದಿದ್ರೆ ತಾನೆ! ಎದ್ದು ಹೋಗೋದೊಂದು ಗೊತ್ತು ನಿಂಗೆ. ಅವತ್ತೂ ಎದ್ದು ಹೋದೆ, ಇವತ್ತೂ ಹೋದೆ!”

ಗುಂಡಿ ಬಿಟ್ಟಾಗ ಮಧ್ಯದಲ್ಲಿ ಮೂರನೆಯ ದನಿಯೊಂದು ತೂರಿಬಂತು. ಆ ಸುತ್ತಿನಲ್ಲೆಲ್ಲೋ ರಸ್ತೆ ಮಟ್ಟ ಮಾಡುತ್ತಿದ್ದ ಗ್ರೇಡರಿನವನು. “ಏನಮ್ಮಾ, ಮನೆ ಜಗಳ ಜೋರಾಗಿದೆ. ಕೇಳೋಕೆ ಚೆನ್ನಾಗೂ ಇದೆ. ಆದ್ರೆ ಅಷ್ಟರಲ್ಲಿ ಆ ಟಗರುಗಳು ಸಂಸಾರ ಹೂಡಿಬಿಡ್ತಾವೆ, ನೋಡ್ಕೊಳಿ.”

ಎರಡೂ ಗಾಡಿ ಗೇಟಿನ ಕಡೆ ತಿರುಗಿದವು. ಗ್ಲೆನಿಸ್ ನಗು ತಡೆಯಲಾರದೆ ಕೆಮ್ಮಿದ್ದು ರೇಡಿಯೊದಲ್ಲಿ ಕೇಳಿಸಿತು.

ಗೇಟು ದಾಟಿ ಹೆಣ್ಣು ಕುರಿಗಳ ಕಡೆ ಗಾಡಿ ನಿಲ್ಲಿಸಿದಾಗ ಶೆಲ್ಬಿ ದೂರದಲ್ಲಿ ನಾಯಿಯೊಂದಿಗೆ ಸುತ್ತು ಹೊಡೆಯುತ್ತಿದ್ದಳು. ಉಪ್ಪುಪೊದೆ ಎಂಬ ಬೂದು ಬಣ್ಣದ ಕುರುಚಲು ಗಿಡಗಳ ನಡುವೆ ಅಲ್ಲೊಂದು ಕುರಿಗುಂಪು, ಇಲ್ಲೊಂದು ಗುಂಪು. ತಂಗಿ ಅಣ್ಣನ ಮುಖ ನೋಡಲಿಲ್ಲ. ಅಣ್ಣ ಹ್ಯಾಟು ಕೈಗೆ ತೆಗೆದುಕೊಂಡು ಬಲಕ್ಕೆ ನಡೆದ. ಅವಳು ಎಡಕ್ಕೆ ನಡೆದಳು. ಚಿಕ್ಕವರಿದ್ದಾಗಲೂ ಅವನು ಬಲ, ಅವಳು ಎಡ. ಕೂಗಬಾರದು, ಓಡಬಾರದು, ಕುರಿ ತಲೆ ಎತ್ತಿದರೆ ನಿಲ್ಲಬೇಕು, ತಲೆ ತಿರುಗಿಸಿದರೆ ಒಂದು ಹೆಜ್ಜೆ ಇಡಬೇಕು. ಅವನು ನಿಂತಾಗ ಅವಳೂ ನಿಂತಳು. ಅವನು ಹ್ಯಾಟು ಒಂದು ಸಲ ಬೀಸಿದಾಗ ಅವಳು ಹತ್ತು ಮಾರು ಹಿಂದೆ ಸರಿದು ದಾರಿ ಕೊಟ್ಟಳು. ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಆ ಎರಡು ಗಂಟೆ ನೋಲೀನಳಿಗೆ ಸಿಟ್ಟು ಮಾಡಿಕೊಂಡಿರಲು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ. ಸಂತೋಷವಾಗುತ್ತಿತ್ತು, ಆ ಸಂತೋಷಕ್ಕೆ ನಾಚಿಕೆಯೂ ಆಗುತ್ತಿತ್ತು.

ಟಾಲಿಯಾ ಗೇಟಿನ ಬಳಿ ಎರಡೂ ಕೈ ಅಗಲಿಸಿ ನಿಂತಿದ್ದಳು. ಕೊನೆಯ ಟಗರು ಒಳಗೆ ಹೋಗುವಷ್ಟರಲ್ಲಿ ಬಿಳಿ ಬೂಟಿನ ಬಣ್ಣ ಯಾವುದೆಂದು ಹೇಳುವಂತಿರಲಿಲ್ಲ.

ಶೆಲ್ಬಿ ಮೋಟಾರ್‌ಸೈಕಲ್ ನಿಲ್ಲಿಸಿ ಹೆಲ್ಮೆಟ್ ತೆಗೆದಳು. ಮುಖ ಕೆಂಪಾಗಿತ್ತು. “ಎಲ್ಲ ಸಿಕ್ವು. ಒಂದಷ್ಟು ಆಗ್ಲೇ ಕೆಲಸ ಮುಗಿಸ್ಕೊಂಡಿದಾವೆ. ಜನವರಿಗೆ ಗೊತ್ತಾಗತ್ತೆ ಎಷ್ಟು ಅಂತ.”

“ತಪ್ಪು ನಂದೇ” ಎಂದಳು ಟಾಲಿಯಾ. ಕಣ್ಣು ತುಂಬಿತ್ತು. “ಎಡಗಡೆ ಕೂತಿದ್ದು ನಾನು. ಇಳಿದು ಹಾಕ್ಬೇಕಿತ್ತು.”

ಮೂವತ್ತು ಗಂಡಸರನ್ನು ಬೈದು ಬದುಕಿದ ನೋಲೀನ್ ತನ್ನ ಕೆಟ್ಟ ಬುದ್ಧಿಯನ್ನು ಈ ಹುಡುಗಿಯ ತಲೆಗೆ ಕಟ್ಟಿ ಸುಮ್ಮನೆ ನಿಂತಿದ್ದಳು.

“ಅವಳದಲ್ಲ” ಎಂದಳು. “ಅವಳು ಕೇಳಿದ್ಲು, ನಾನೇ ಬೇಡ ಅಂದೆ. ಗೇಟು ಈಗಷ್ಟೇ ತೆಗೆದಿದ್ದಾರೆ ಅಂತ ನಂಗೆ ಗೊತ್ತಿತ್ತು. ಇವನ ಬೂಟಿನ ಗುರುತು ನೋಡ್ದೆ. ಇವನು ನಂಗೋಸ್ಕರ ನಿಲ್ಲಲಿಲ್ವಲ್ಲ ಅಂತ ಹೊಟ್ಟೆ ಉರೀತು. ಬೇಕು ಅಂತಲೇ ಬಿಟ್ ಬಂದೆ. ಕಂಡ ಹಾಗೆ ಬಿಟ್ಟೆ ಅನ್ನೋದೆಲ್ಲ ನೆಪ.”

ಶೆಲ್ಬಿ ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿದಳು. ಅವಳಿಗೆ ಇನ್ನೂ ತೊಟ್ಟಿ ನೋಡುವ ಕೆಲಸ ಬಾಕಿಯಿತ್ತು. “ಹೋಗಿ, ಸಮಾಧಿ ಕೆಲಸ ಮುಗಿಸ್ಕೊಳಿ. ವಾಪಸ್ ಬರುವಾಗ ಈ ಗೇಟು—”

“ಹಾಕ್ತೀವಿ” ಎಂದರು ಅಣ್ಣತಂಗಿ, ಒಟ್ಟಿಗೆ.

ಡೆಸ್ ತನ್ನ ಗಾಡಿಯನ್ನು ದಾಟಿಸಿದ. ಐವತ್ತು ಮಾರು ಮುಂದೆ ಹೋಗಿ ನಿಂತ. ಅವನು ಹಾಗೇ ಹೊರಟುಹೋಗುತ್ತಾನೆಂದು ನೋಲೀನ್ ಅಂದುಕೊಂಡಳು. ಆದರೆ ಅವನು ಇಳಿದು, ದಣಿದ ಕಾಲು ಎಳೆಯುತ್ತ ವಾಪಸು ನಡೆದು ಬಂದು, ಗೇಟಿನ ತುದಿ ಹಿಡಿದು ನಿಂತುಕೊಂಡ. ಹ್ಯಾಟು ತೆಗೆದ. ಮತ್ತೆ ಹಾಕಿಕೊಂಡ. ಎಪ್ಪತ್ತೆರಡರ ಗಂಡಸು ಒಂದು ಗೇಟು ಹಿಡಿದುಕೊಂಡು ನಿಲ್ಲಲು ಅಷ್ಟು ಕಷ್ಟಪಡುವುದನ್ನು ಅವಳು ಕಂಡಿರಲಿಲ್ಲ.

“ಅಜ್ಜಿ, ಕಾಯ್ತಿದಾರೆ” ಎಂದಳು ಟಾಲಿಯಾ.

ಅವಳು ಗಾಡಿಯನ್ನು ಗೇಟಿನ ಬಾಯಿಗೆ ತಂದು ನಿಲ್ಲಿಸಿ ಗಾಜು ಇಳಿಸಿದಳು. ಅವನು ಅವಳನ್ನು ನೋಡಲಿಲ್ಲ, ದಾರಿಯನ್ನೇ ನೋಡುತ್ತಿದ್ದ.

“ನಿನ್ ಬಾಯಿಗೆ ಹೆದರಿ ಹೋಗಿದ್ದಲ್ಲ, ನೋಲಿ. ನಂಗೆ ಗೇಟಿನ ಹತ್ರ ನಿಲ್ಲೋಕಾಗಲ್ಲ. ಅವತ್ತಿಂದ ಆಗಿಲ್ಲ.”

“ಯಾವತ್ತಿಂದ?”

“ಅಮ್ಮ ಹೋದಾಗಿಂದ.” ಅವನು ಸರಪಳಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. “ಅವತ್ತು ಬೆಳಗ್ಗೆ ಎಚ್ಚರ ಆಯ್ತು ಅವಳಿಗೆ. ಗಾಡಿ ಸದ್ದು ಕೇಳ್ತಿದೆ ಅಂದ್ಲು. ಇಲ್ಲಮ್ಮ, ಹಳ್ಳ ತುಂಬಿದೆ, ಯಾರೂ ಬರೋಕಾಗಲ್ಲ ಅಂದೆ. ಕೇಳ್ಬೇಕಲ್ಲ! ನೋಲಿ ಬಂದಿದಾಳೆ, ಗೇಟಲ್ಲಿ ನಿಂತಿದಾಳೆ, ಹೋಗಿ ತೆಗಿ. ಬಿಸಿಲಲ್ಲಿ ನಿಲ್ಲಿಸ್ಬೇಡ ಅವಳನ್ನ. ಇದೇ. ಹತ್ತು ಸಲ, ಇಪ್ಪತ್ತು ಸಲ. ಎದ್ದು ಕೂರೋಕೆ ಹೋದ್ಲು. ಅವಳಿಗೆ ಸಮಾಧಾನ ಆಗ್ಲಿ ಅಂತ ಕೆಳಗಡೆ ಗೇಟಿಗೆ ಹೋದೆ. ತೆಗೆದು ಹಿಡ್ಕೊಂಡು ನಿಂತೆ.”

ಎಂಜಿನ್ ಗುರುಗುಟ್ಟುತ್ತಿತ್ತು. ನೋಲೀನ್ ಕೀಲಿ ತಿರುಗಿಸಿ ಆರಿಸಿದಳು.

“ಎಷ್ಟು ಹೊತ್ತು?”

“ಒಂದ್ ಗಂಟೆ. ಜಾಸ್ತೀನೇ ಇರ್ಬೇಕು. ಬಂದೇ ಬರ್ತೀಯ ಅಂತ ನಂಗೂ ಅನ್ನಿಸ್ಬಿಡ್ತು. ಧೂಳು ಏಳತ್ತಾ ಅಂತ ನೋಡ್ತಾ ನಿಂತೆ. ಏಳಲಿಲ್ಲ. ವಾಪಸ್ ಹೋದ್ರೆ...” ಅವನು ಕಂಬದ ಕಡೆ ತಿರುಗಿದ. “ಒಬ್ಳೇ ಹೋಗಿದ್ಲು. ಕೈ ಹಿಡ್ಕೊಂಡಿದ್ದೆ ಅಂದಿದ್ದೆಲ್ಲ ಸುಳ್ಳು. ಗ್ಲೆನಿಸ್‌ಗೂ ಹೇಳಿಲ್ಲ. ಫೋನು ತಡವಾಗಿ ಮಾಡಿದ್ದೂ ನಾನೇ. ನೀನು ಏನಂದ್ಲು ಅಂತ ಕೇಳಿದಾಗ ಏನಂತ ಹೇಳ್ಲಿ? ನಿನ್ನ ಗೇಟಲ್ಲಿ ನಿಲ್ಲಿಸ್ಬೇಡ ಅಂದ್ಲು, ನಾನು ಅಲ್ಲೇ ನಿಂತಿದ್ದಾಗ ಅವಳು ಹೋದ್ಲು ಅಂತ ಹೇಳ್ಲಾ?”

ನೋಲೀನ್ ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಳು. ಹನ್ನೊಂದು ವರ್ಷ ಅವಳು ಒಂದು ಚಿತ್ರ ಕಟ್ಟಿಕೊಂಡಿದ್ದಳು: ಅಮ್ಮನ ಮಂಚ, ಪಕ್ಕದಲ್ಲಿ ಡೆಸ್, ತಾನು ಹೊರಗೆ. ಆ ಮಂಚದ ಪಕ್ಕ ಯಾರೂ ಇರಲಿಲ್ಲ. ಅಮ್ಮನ ಮಾತೂ ಸಿಕ್ಕಿತು. ಇಷ್ಟು ದಿನ ಬೇಕು ಬೇಕೆಂದು ಹಟ ಮಾಡಿದ ಮಾತು ತನ್ನ ಬಗ್ಗೆಯೇ ಇತ್ತು, ಅದನ್ನು ಹೊತ್ತುಕೊಂಡು ಇವನು ಒಬ್ಬನೇ ತಿರುಗಿದ್ದ. ಅವಳಿಗೆ ಅಳು ಬಂತು. ಅಮ್ಮನಿಗಾಗಿ ಎಂದೋ ಅತ್ತು ಮುಗಿದಿತ್ತು. ಈಗ ಬಂದದ್ದು ಗೇಟು ಹಿಡಿದು ದಾರಿ ನೋಡುತ್ತ ನಿಂತ ಅಣ್ಣನಿಗಾಗಿ.

ಮೂಗು ಒರೆಸಿಕೊಂಡು ಗಾಡಿ ಚಾಲೂ ಮಾಡಿದಳು. ಗೇಟು ದಾಟಿಸಿ, ಪಕ್ಕಕ್ಕೆ ನಿಲ್ಲಿಸಿ, ಇಳಿದು ನಡೆದು ಬಂದಳು. ಡೆಸ್ ಇನ್ನೂ ಹಾಗೇ ನಿಂತಿದ್ದ, ಗೇಟನ್ನು ಪೂರ್ತಿ ತೆರೆದು ಹಿಡಿದುಕೊಂಡು. ಅವಳು ಅವನ ಎದುರಿಗೆ ನಿಂತಳು.

“ಬಂದೆ ನೋಡು” ಎಂದಳು. “ಇನ್ನು ಹಾಕು.”

ಅವನು ಗೇಟನ್ನು ಎಳೆದು ತಂದು ಕಂಬಕ್ಕೆ ಸೇರಿಸಿದ. ಸರಪಳಿಯ ಕೊಂಡಿ ಎರಡು ಸಲ ತಪ್ಪಿತು. ಅವಳು ಕಿತ್ತುಕೊಳ್ಳಲಿಲ್ಲ, ಅವನು ಸಿಕ್ಕಿಸುವ ತನಕ ಪಕ್ಕದಲ್ಲೇ ನಿಂತಿದ್ದಳು.